ಭಾನುವಾರ ಹಾಡು, ಸೋಮವಾರ ತಕ್‌ಪಟ್ಟಿ: ನಮ್ಮ ಕೆಲಸ ದೇವರ ಲೆಕ್ಕದಲ್ಲಿ ಇದೆಯಾ?

ಗಂಜ್_ಮುನೀಮ (ಕಲಬುರಗಿ)

ಎಲ್ಲರಿಗೂ ವಂದನೆ. ಒಂದು ಪ್ರಶ್ನೆ ಭಾಳ ದಿನದಿಂದ ತಲೆ ತಿನ್ನುತ್ತಿದೆ. ಚರ್ಚ್ ಸಭೆಯಲ್ಲಿ ಕೇಳಿದರೆ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ ಕಳಿಸುತ್ತಾರೆ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಾನು ಗಂಜ್‌ನಲ್ಲಿ (ಕಾಳುಕಡಿಯ ಮಾರುಕಟ್ಟೆ) ಒಂದು ಅಡತ್ ಅಂಗಡಿಯ ಮುನೀಮ. ಅಡತ್ ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವುದು, ಮುನೀಮ ಅಂದರೆ ಲೆಕ್ಕ ಬರೆಯುವವನು. ಡಿಸೆಂಬರ್‌ನಲ್ಲಿ ತೊಗರಿ ಬರೋಕೆ ಶುರುವಾದರೆ ಊಟಕ್ಕೂ ಪುರುಸೊತ್ತಿಲ್ಲ. ಚೀಲ ಇಳಿಸು, ಕಾಟಾ (ತೂಕ) ಮಾಡಿಸು, ತಕ್‌ಪಟ್ಟಿ (ರೈತನ ತೂಕ, ಲೆಕ್ಕದ ಚೀಟಿ) ಬರಿ, ರೈತನ ಲೆಕ್ಕ ಮುಗಿಸು. ಭಾನುವಾರ ಚರ್ಚ್‌ನಲ್ಲಿ ಕ್ವಾಯರ್ ಜೊತೆ ಹಾಡುತ್ತೇನೆ. ಈ ಎರಡಕ್ಕೂ ಏನು ಸಂಬಂಧ ಅಂತ ನನಗೆ ಗೊತ್ತಾಗುತ್ತಿಲ್ಲ.

ಈಚೆಗೆ ಉಜ್ಜೀವನ ಕೂಟಕ್ಕೆ ಬಂದ ಪ್ರಸಂಗಿಯೊಬ್ಬರು "ಲೋಕದ ಕೆಲಸ ಎಷ್ಟು ದಿನ ಮಾಡುತ್ತೀರಿ, ಕರ್ತನ ಕೆಲಸಕ್ಕೆ ಬನ್ನಿ" ಅಂದರು. ಅಂದರೆ ನೌಕರಿ ಬಿಟ್ಟು ಪೂರ್ಣಾವಧಿ ಸೇವೆಗೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಿಂಗಳ ಬಾಡಿಗೆ ಎಲ್ಲ ಇದೆ. ನಾನು ಬಿಡಬೇಕಾ? ಬಿಡದಿದ್ದರೆ ನಾನು ಮಾಡುವುದು ಬರೀ ಹೊಟ್ಟೆಪಾಡಾ?

ಸುವಾರ್ತೆ_ಸೈಕಲ್ (ಚಿತ್ತಾಪುರ)

ಅಣ್ಣಾ, ಸ್ತೋತ್ರ. ಯೇಸು ಕರೆದಾಗ ಮೀನುಗಾರರಾದ ಪೇತ್ರ, ಅಂದ್ರೆಯ ಬಲೆ ಬಿಟ್ಟು ಹೋದರು. ಮತ್ತಾಯ ಸುಂಕದ ಕಟ್ಟೆಯಿಂದ ಎದ್ದು ಹೋದ. ನಾನೂ ಮೊಬೈಲ್ ಅಂಗಡಿ ಬಿಟ್ಟು ಹಳ್ಳಿ ಹಳ್ಳಿ ತಿರುಗುತ್ತಿದ್ದೇನೆ. ಕರೆ ಬಂದರೆ ಲೆಕ್ಕ ಹಾಕಬಾರದು.

ಮಂಗಲಪೇಟೆ_ಮೇಷ್ಟ್ರು (ಬೀದರ್)

ತಮ್ಮಾ ಮುನೀಮ, ಮೊದಲು ಊಟ ಸರಿಯಾಗಿ ಮಾಡು.

ಸೈಕಲ್ ತಮ್ಮ ಹೇಳಿದ್ದು ಅರ್ಧ ನಿಜ. ಮತ್ತಾಯ ಸುಂಕದ ಕಟ್ಟೆ ಬಿಟ್ಟ, ಸರಿ. ಆದರೆ ಅದೇ ಸುಂಕದವನಾಗಿದ್ದ ಜಕ್ಕಾಯನಿಗೆ ಯೇಸು ಕೆಲಸ ಬಿಡು ಅಂದ ಅಂತ ಎಲ್ಲಿದೆ? ಬೈಬಲ್‌ನಲ್ಲಿ ಲೂಕ 19 ಓದು. ಅವನ ಮನೆಗೇ ಹೋಗಿ ಇಳಿದುಕೊಂಡ. ಜಕ್ಕಾಯ ತಾನಾಗೇ ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಅಲ್ಲಿಗೆ ರಕ್ಷಣೆ ಬಂತು. ನಾಳೆಯಿಂದ ಅವನು ಸುಂಕ ವಸೂಲಿ ಬಿಟ್ಟನೋ ಇಲ್ಲವೋ, ಲೂಕ ಆ ಗೊಡವೆಗೇ ಹೋಗಲಿಲ್ಲ.

ಲೂಕ 3 ಇನ್ನೂ ಸ್ಪಷ್ಟ. ಸುಂಕದವರು ಸ್ನಾನಿಕ ಯೋಹಾನನ ಹತ್ತಿರ ಬಂದು "ನಾವೇನು ಮಾಡಬೇಕು" ಅಂತ ಕೇಳುತ್ತಾರೆ. ನಿನ್ನದೇ ಪ್ರಶ್ನೆ ನೋಡು. ಅವನು ಕೊಟ್ಟ ಉತ್ತರ, ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಅಂತ. ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ನಿಮ್ಮ ಸಂಬಳ ನಿಮಗೆ ಸಾಕು ಅಂತ. ಒಬ್ಬರನ್ನೂ ಅಡವಿಗೆ ಬಾ ಅನ್ನಲಿಲ್ಲ. ತಾನು ಮಾತ್ರ ಅಡವಿಯಲ್ಲಿದ್ದು ಮಿಡತೆ ತಿನ್ನುತ್ತಿದ್ದ.

ಇನ್ನೊಂದು. ಯೇಸುವಿಗೆ ದೀಕ್ಷಾಸ್ನಾನ ಆದಾಗ ಸುಮಾರು ಮೂವತ್ತು ವರ್ಷ. ಅಷ್ಟೊತ್ತಿಗೆ ಒಂದೂ ಪ್ರಸಂಗ ಮಾಡಿರಲಿಲ್ಲ, ಒಂದೂ ರೋಗಿ ವಾಸಿಯಾಗಿರಲಿಲ್ಲ. ಊರವರು ಅವನನ್ನು ಗುರುತಿಸುತ್ತಿದ್ದದ್ದು ಬಡಗಿ ಅಂತ. ಆಗಲೇ ಆಕಾಶದಿಂದ "ನಿನ್ನನ್ನು ಮೆಚ್ಚಿದ್ದೇನೆ" ಅನ್ನುವ ಮಾತು ಬಂತು. ಮೆಚ್ಚಿದ್ದು ಯಾವುದನ್ನು ನೋಡಿ ಅಂತ ಸ್ವಲ್ಪ ಯೋಚನೆ ಮಾಡು.

ಸುವಾರ್ತೆ_ಸೈಕಲ್ (ಚಿತ್ತಾಪುರ)

ಮೇಷ್ಟ್ರೆ, ಹಾಗಾದರೆ ಎಲ್ಲರೂ ಅಂಗಡಿಯಲ್ಲೇ ಕೂತರೆ ಹಳ್ಳಿಗೆ ಹೋಗುವವರು ಯಾರು?

ಮಂಗಲಪೇಟೆ_ಮೇಷ್ಟ್ರು (ಬೀದರ್)

ನೀನು ಹೋಗು ತಮ್ಮಾ. ನಿನ್ನ ಕರೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಅದನ್ನೇ ಅಳತೆಗೋಲು ಮಾಡಿ ಉಳಿದವರನ್ನು ಎರಡನೇ ದರ್ಜೆ ವಿಶ್ವಾಸಿಗಳು ಮಾಡಬೇಡ ಅನ್ನುತ್ತೇನೆ, ಅಷ್ಟೇ. ಪೌಲನೂ ಊರೂರು ತಿರುಗಿದವನೇ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಡೇರೆ ಹೊಲಿದ. ಥೆಸಲೊನೀಕದವರಿಗೆ ಬರೆಯುವಾಗ, ನಿಮಗೆ ಭಾರವಾಗಬಾರದು ಅಂತ ಹಗಲೂ ರಾತ್ರಿ ದುಡಿದೆವು ಅಂತಾನೆ. ನಮ್ಮ ಕಡೆ ಕಾಣಿಕೆ ಡಬ್ಬಿ ನೋಡಿಕೊಂಡು ಊರು ಆರಿಸುವ ಕೆಲವರು ಇದನ್ನು ಓದುವುದೇ ಇಲ್ಲ. (ನಿನಗೆ ಹೇಳಿದ್ದಲ್ಲ.)

ರಾತ್ರಿಪಾಳಿ (ಯಾದಗಿರಿ)

ನಾನು ನರ್ಸ್. ಎರಡು ಮಾತು ಹೇಳಿ ಡ್ಯೂಟಿಗೆ ಹೋಗುತ್ತೇನೆ.

"ಕೆಲಸವೇ ಆರಾಧನೆ" ಅಂತ ವಾಟ್ಸಾಪ್‌ನಲ್ಲಿ ಹೂವಿನ ಫೋಟೋ ಜೊತೆ ಬರುತ್ತದಲ್ಲ, ನನಗೆ ಅದು ಕಿರಿಕಿರಿ. ಕೆಲಸ ಅಂದರೆ ಏನು ಅಂತ ಅದನ್ನು ಕಳಿಸಿದವರಿಗೆ ಗೊತ್ತಿರಲ್ಲ. ನಮ್ಮ ವಾರ್ಡ್‌ನಲ್ಲಿ ಲಕ್ವಾ ಹೊಡೆದು ಮಲಗಿರುವ ಅಜ್ಜ ಇದ್ದಾರೆ. ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ ಹುಣ್ಣು ಬೀಳುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಬೇಕು. ಬಿಳಿಚದೆ ಹಾಗೇ ಕೆಂಪಾಗಿ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ರಾತ್ರಿ ಎರಡು ಗಂಟೆಗೆ ಒಂದು ಸಲ, ನಾಲ್ಕು ಗಂಟೆಗೆ ಇನ್ನೊಂದು ಸಲ. ಯಾರೂ ನೋಡಲ್ಲ. ತಿರುಗಿಸದೆ ಚಾರ್ಟ್‌ನಲ್ಲಿ ಟಿಕ್ ಹಾಕಿದರೂ ಬೆಳಿಗ್ಗೆ ಡಾಕ್ಟರಿಗೆ ಗೊತ್ತಾಗಲ್ಲ. ನಾಲ್ಕು ದಿನ ಆದ ಮೇಲೆ ಅಜ್ಜನ ಬೆನ್ನಿಗೆ ಗೊತ್ತಾಗುತ್ತದೆ.

ಆ ಹೊತ್ತಿನಲ್ಲಿ ನನಗೆ ಭಕ್ತಿ ಉಕ್ಕಿ ಬರಲ್ಲ. ನಿದ್ದೆ ಬರುತ್ತೆ, ಸೊಂಟ ನೋಯುತ್ತೆ. ಪ್ರಾರ್ಥನೆ ನೆನಪಾದರೂ ಅರ್ಧಕ್ಕೆ ನಿಲ್ಲುತ್ತೆ. ಆದರೂ ತಿರುಗಿಸುತ್ತೇನೆ. ರೋಮಾಪುರದವರಿಗೆ 12ರಲ್ಲಿ ನಿಮ್ಮ ದೇಹವನ್ನೇ ಸಜೀವ ಯಜ್ಞವಾಗಿ ಒಪ್ಪಿಸಿ ಅಂತಿದೆ. ದೇಹ ಅಂದಿದ್ದಾನೆ ಪೌಲ, ಉಕ್ಕಿ ಬರುವ ಮನಸ್ಸು ಅಂದಿಲ್ಲ. ನನಗೆ ಅಷ್ಟು ಸಾಕು.

ಮುನೀಮ ಅಣ್ಣಾ, ನಿಮ್ಮ ಕೆಲಸದಲ್ಲಿ ಯಾರೂ ನೋಡದ ಜಾಗ ಯಾವುದು? ಅಲ್ಲಿಂದ ಶುರು ಮಾಡಿ.

ಪರ್ಸಿ_ಕಲ್ಲು (ಶಹಾಬಾದ್)

ಅಕ್ಕನ ಪ್ರಶ್ನೆಯನ್ನು ನಾನು ಬಾಯಿಬಿಟ್ಟು ಕೇಳುತ್ತೇನೆ. ಮುನೀಮ್ ಸಾಹೇಬರೇ, ನಿಮ್ಮ ಅಂಗಡಿಯಲ್ಲಿ ಕ್ವಿಂಟಲ್‌ಗೆ ಸೂಟ್ ಎಷ್ಟು ತೆಗೆಯುತ್ತೀರಿ?

ಗಂಜ್_ಮುನೀಮ (ಕಲಬುರಗಿ)

...ಒಂದು ಕಿಲೋ. ಕೆಲವು ಸಲ ಮಾಲು ಹಸಿ ಇದೆ ಅಂತ ಅದಕ್ಕಿಂತ ಜಾಸ್ತಿ. ಮಾಲೀಕರು ಹೇಳಿದಂತೆ ಬರೆಯುತ್ತೇನೆ.

ಪರ್ಸಿ_ಕಲ್ಲು (ಶಹಾಬಾದ್)

ಗಂಜ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೂಟ್ ಅಂದರೆ ಮಣ್ಣು, ಕಸ, ತೇವ ಅಂತ ನೆಪ ಹೇಳಿ ತೂಕದಲ್ಲಿ ಮುರಿದುಕೊಳ್ಳುವುದು. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಕಿಲೋಗೆ 80 ಆಯಿತು. 20 ಕ್ವಿಂಟಲ್ ತಂದ ರೈತ 20 ಕಿಲೋ ಬಿಟ್ಟು ಹೋದ, ಅಂದರೆ 1,600 ರೂಪಾಯಿ. ಒಂದು ಅಂಗಡಿಗೆ ದಿನಕ್ಕೆ ಎಷ್ಟು ರೈತರು ಬರುತ್ತಾರೆ ಲೆಕ್ಕ ಹಾಕಿ. ಸರ್ಕಾರಿ ಖರೀದಿ ಕೇಂದ್ರದಲ್ಲಿ ತೇವ ಶೇ. 12 ದಾಟಬಾರದು ಅಂತ ನಿಯಮ ಇದೆ, ಮೀಟರ್ ಇಟ್ಟು ನೋಡುತ್ತಾರೆ. ಇಲ್ಲಿ ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಹಿಡಿದು "ಹಸಿ ಐತಿ" ಅಂದರೆ ಮುಗಿಯಿತು.

ಜ್ಞಾನೋಕ್ತಿ 11:1 ಎಲ್ಲರಿಗೂ ಬಾಯಿಪಾಠ. ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ. ಧರ್ಮೋಪದೇಶಕಾಂಡದಲ್ಲಿ, ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲು ಇಟ್ಟುಕೊಳ್ಳಬೇಡ ಅಂತ ಬರೆದೇ ಇದೆ. ಗಂಜ್‌ನಲ್ಲಿ ದೇವರು ಎಲ್ಲಿ ಅಂತ ಕೇಳಿದಿರಲ್ಲ. ಕಾಟಾದ ಹತ್ತಿರವೇ ನಿಂತಿದ್ದಾನೆ.

ಈಗ ನನ್ನ ತಕರಾರು. "ಏನು ಮಾಡಿದರೂ ಕರ್ತನಿಗೋಸ್ಕರ ಅಂತ ಮಾಡಿ" ಅನ್ನುವ ಕೊಲೊಸ್ಸೆಯವರಿಗೆ 3:23 ಇಲ್ಲಿ ಇನ್ನೂ ಯಾರೂ ಹಾಕಿಲ್ಲ, ಆದರೆ ಹಾಕೇ ಹಾಕುತ್ತಾರೆ. ಹಾಕುವ ಮೊದಲು ಹಿಂದಿನ ವಾಕ್ಯ ಓದಿ. ಪೌಲ ಅದನ್ನು ದಾಸರಿಗೆ ಹೇಳಿದ್ದು. ಬಿಟ್ಟು ಹೋಗುವ ಸ್ವಾತಂತ್ರ್ಯವೇ ಇಲ್ಲದವರಿಗೆ. ಅದಾದ ಮೇಲೆ 4:1 ಕೂಡ ಓದಿ, ಯಜಮಾನರೇ ನ್ಯಾಯವಾದದ್ದನ್ನು ಕೊಡಿ, ನಿಮಗೂ ಮೇಲೆ ಒಬ್ಬ ಯಜಮಾನ ಇದ್ದಾನೆ ಅಂತ. ನಾನು ಕೇಳಿದ ಪ್ರಸಂಗಗಳಲ್ಲಿ 3:23 ನೂರು ಸಲ ಬಂದರೆ 4:1 ಒಂದು ಸಲ ಬರಲ್ಲ.

ನಮ್ಮಪ್ಪ ಪೌರಕಾರ್ಮಿಕ. ಚರಂಡಿಗೆ ಇಳಿದಿದ್ದಾರೆ. ಕೈಗೆ ಗ್ಲೌಸ್ ಇಲ್ಲ, ಕಾಲಿಗೆ ಬೂಟು ಇಲ್ಲ. "ದೇವರು ನಿಮ್ಮ ಸೇವೆ ನೋಡುತ್ತಾನೆ" ಅಂತ ಸಭೆಯಲ್ಲಿ ಹೇಳುತ್ತಿದ್ದರು. ಒಬ್ಬರೂ ಗ್ಲೌಸ್ ಕೊಡಿಸಲಿಲ್ಲ. ಮನುಷ್ಯನನ್ನು ಮಲ ಬಾಚುವುದಕ್ಕೆ ಹಚ್ಚುವುದು, ಸುರಕ್ಷತೆ ಇಲ್ಲದೆ ಒಳಚರಂಡಿಗೆ ಇಳಿಸುವುದು 2013ರ ಕಾನೂನಿನಲ್ಲಿ ಅಪರಾಧ. ಒಳಗೆ ಸತ್ತವರ ಮನೆಯವರಿಗೆ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೆಲವು ಕೆಲಸಗಳನ್ನು ಪವಿತ್ರ ಅನ್ನಬಾರದು. ನಿಲ್ಲಿಸಬೇಕು.

ಬೀದರ್, ಕಲಬುರಗಿ ಕಡೆ ನಮ್ಮ ಮುತ್ಯಾಂದಿರು ಯಾಕೆ ಸಭೆಗೆ ಸೇರಿದರು? ಹುಟ್ಟಿನಿಂದ ತಲೆಗೆ ಕಟ್ಟಿದ ಕೆಲಸದಿಂದ ಹೊರಗೆ ಬರೋಕೆ. ಈಗ ಅದೇ ಕೆಲಸಕ್ಕೆ ವಚನದ ಸುಣ್ಣ ಹೊಡೆದು ವಾಪಸ್ ಕೊಟ್ಟರೆ ಹೇಗೆ?

ಮಂಗಲಪೇಟೆ_ಮೇಷ್ಟ್ರು (ಬೀದರ್)

ಪರ್ಸಿ ತಮ್ಮಾ, ಒಪ್ಪಿದೆ. ಯಾಕೋಬ 5:4 ಕೂಡ ಸೇರಿಸಿಕೋ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತದೆ ಅಂತಾನೆ. ಆ ಕೂಗು ಕರ್ತನ ಕಿವಿಗೆ ಮುಟ್ಟಿದೆ ಅಂತಾನೆ.

ನಾವು ಮೆಥೋಡಿಸ್ಟರು. ನಮ್ಮ ಪಂಗಡ ಶುರು ಮಾಡಿದ ಜಾನ್ ವೆಸ್ಲಿ ಹಣದ ಬಗ್ಗೆ ಹೇಳಿದ್ದು ಎಲ್ಲರಿಗೂ ಗೊತ್ತು: ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಮೊದಲನೆಯದಕ್ಕೆ ಆತ ಹಾಕಿದ ಬೇಲಿ ಮಾತ್ರ ಯಾರೂ ಹೇಳಲ್ಲ. ನಿನ್ನ ಆರೋಗ್ಯ ಹಾಳು ಮಾಡಿಕೊಂಡು ಗಳಿಸಬೇಡ. ನಿನ್ನ ಮನಸ್ಸಾಕ್ಷಿ ಹಾಳು ಮಾಡಿಕೊಂಡು ಗಳಿಸಬೇಡ. ನೆರೆಯವನ ಮೈಗೆ, ಆತ್ಮಕ್ಕೆ, ಆಸ್ತಿಗೆ ಪೆಟ್ಟು ಕೊಟ್ಟು ಗಳಿಸಬೇಡ. 1739ರಲ್ಲಿ ಆತ ಬ್ರಿಸ್ಟಲ್ ಹತ್ತಿರ ಕಲ್ಲಿದ್ದಲು ಗಣಿಯವರಿಗೆ ಬಯಲಲ್ಲಿ ನಿಂತು ಪ್ರಸಂಗ ಮಾಡಿದ. ಮಸಿ ಮೆತ್ತಿದ ಜನ. ಅವರ ಮುಂದೆ ನಿಂತವನಿಗೆ ಕೆಲಸ ಅಂದರೆ ಏನು ಅಂತ ಗೊತ್ತಿತ್ತು.

ಬಿದ್ರಿ_ಹತ್ಯಾರ (ಬೀದರ್)

ನಾನು ಜಾಸ್ತಿ ಓದಿದವನಲ್ಲ. ಬಿದ್ರಿ ಕೆಲಸ ಮಾಡುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಉಸ್ತಾದರು ಮುಸಲ್ಮಾನರು, ನಾನು ಕ್ರೈಸ್ತ, ಇನ್ನಿಬ್ಬರು ಹಿಂದೂ ಹುಡುಗರು. ಬಿದ್ರಿಗೆ ಮರ್ಯಾದೆ ಈಗ ಜಾಸ್ತಿಯಾಗಿದೆ. ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕೂಲಿ ಮಾತ್ರ ಅಷ್ಟಕ್ಕಷ್ಟೇ.

ಕೆಲಸ ಹೇಗೆ ಅಂತ ಹೇಳುತ್ತೇನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಮೊಳೆಯಿಂದ ಹೂ ಬಳ್ಳಿ ಗೀರುತ್ತೇವೆ. ಆ ಗೆರೆಯನ್ನು ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟಬೇಕು. ಗೀರು ಆಳ ಸಾಲದೆ ಹೋದರೆ ತಂತಿ ಮೇಲೆ ಕೂತಿರುತ್ತದೆ, ಹಿಡಿದಿರಲ್ಲ. ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಎರಡು ವರ್ಷಕ್ಕೆ ಎದ್ದು ಬರುತ್ತದೆ. ಕೊನೆಗೆ ಕಾಯಿಸಿ, ಕೋಟೆ ಮಣ್ಣು, ನವಸಾಗರ ಕಲಸಿದ ನೀರು ಹಚ್ಚುತ್ತೇವೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆಮೇಲೆ ಎಣ್ಣೆ ಒರೆಸುವುದು.

ಉಸ್ತಾದರು ಬಿಸ್ಮಿಲ್ಲಾ ಅಂದು ಉಳಿ ಎತ್ತುತ್ತಾರೆ. ನಾನು ಮನಸ್ಸಲ್ಲೇ ಕರ್ತನೇ ಅನ್ನುತ್ತೇನೆ. ಒಂದು ಸಲ ಬೈಬಲ್‌ನಲ್ಲಿ ವಿಮೋಚನಕಾಂಡ 31 ಸಿಕ್ಕಿತು. ದೇವರು ಬೆಚಲೇಲ ಅನ್ನುವವನನ್ನು ಹೆಸರು ಹಿಡಿದು ಕರೆದು ತನ್ನ ಆತ್ಮ ತುಂಬುತ್ತಾನೆ. ಯಾಕೆ? ಪ್ರವಾದನೆ ಹೇಳೋಕೆ ಅಲ್ಲ. ಚಿನ್ನ, ಬೆಳ್ಳಿ, ತಾಮ್ರದ ಕೆಲಸ ಮಾಡೋಕೆ, ರತ್ನ ಕೆತ್ತೋಕೆ, ಮರ ಕೊರೆಯೋಕೆ. ನಾನು ಅದನ್ನು ಕಾರ್ಖಾನೆಗೆ ತಂದು ಉಸ್ತಾದರಿಗೆ ಓದಿ ಹೇಳಿದೆ. ಅವರು ಕೇಳಿ, "ಹಾಗಾದರೆ ನಿನ್ನ ಬೆಚಲೇಲ ಗೀರು ಆಳವಾಗಿ ಹಾಕುತ್ತಿದ್ದ ಅಂತಾಯ್ತು. ನೀನೂ ಹಾಕು" ಅಂದರು.

ವಾಡಿ_ಜಂಕ್ಷನ್ (ವಾಡಿ)

ಬಿದ್ರಿ ಅಣ್ಣಾ, ಅದೇ ಅಧ್ಯಾಯದಲ್ಲಿ ಮುಂದೆ ಏನಿದೆ ನೋಡಿದಿರಾ? ಬೆಚಲೇಲನ ಮಾತು ಮುಗಿದ ಕೂಡಲೇ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ. ಗುಡಾರದ ಕೆಲಸವೇ ಆದರೂ ಏಳನೇ ದಿನ ಹತ್ಯಾರ ಕೆಳಗಿಡು. ದೇವರ ಮನೆ ಕಟ್ಟುವ ಕೆಲಸಕ್ಕೂ ರಜೆ ಇದೆ. ನಮ್ಮಲ್ಲಿ ಓವರ್‌ಟೈಮ್‌ಗೆ ಭಕ್ತಿ ಅಂತ ಹೆಸರಿಡುವವರು ಇದನ್ನು ಓದಬೇಕು.

ನಾವು ಕಥೋಲಿಕರು. ಮೇ 1 ಕಾರ್ಮಿಕರ ದಿನ, ನಮಗೆ ಕಾರ್ಮಿಕನಾದ ಸಂತ ಜೋಸೆಫರ ಹಬ್ಬವೂ ಹೌದು. 1955ರಲ್ಲಿ 12ನೇ ಪೋಪ್ ಪಿಯುಸ್ ಗೊತ್ತು ಮಾಡಿದ್ದು. ನಮ್ಮ ಯೂನಿಯನ್‌ನ ಗೆಳೆಯರು ಬೆಳಿಗ್ಗೆ ಕೆಂಪು ಬಾವುಟ ಹಾರಿಸುತ್ತಾರೆ. ನಾನು ಪೂಜೆಗೆ ಹೋಗಿ ಆಮೇಲೆ ಅಲ್ಲಿಗೂ ಹೋಗುತ್ತೇನೆ. ಎರಡೂ ಕಡೆ ಚಹಾ ಸಿಗುತ್ತದೆ.

ನೆರೆಮನೆಯವ (ಬಸವಕಲ್ಯಾಣ)

ಶರಣು. ನಾನು ಕ್ರೈಸ್ತನಲ್ಲ, ಸುಮ್ನೆ ಓದುತ್ತಿದ್ದೆ. ನಡುವೆ ಬಾಯಿ ಹಾಕಬಹುದಾ? ಕಾಯಕದ ಊರಲ್ಲಿ ಕೂತು ಇಷ್ಟೊತ್ತು ಸುಮ್ಮನಿದ್ದದ್ದೇ ದೊಡ್ಡದು.

ಕಾಯಕವೇ ಕೈಲಾಸ ಅನ್ನುವುದನ್ನು ಎಲ್ಲರೂ ಬಸವಣ್ಣನವರ ಹೆಸರಿಗೆ ಹಾಕುತ್ತಾರೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ಮುಳುಗಿದ್ದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅಂತಾನೆ. ಆತ ಮಾಡುತ್ತಿದ್ದ ಕೆಲಸ, ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು. ಒಂದು ದಿನ ದಿನದ್ದಕ್ಕಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ಆಸೆ ಅರಸನಿಗೆ ಇರಲಿ, ಶಿವಭಕ್ತರಿಗೆ ಯಾಕೆ, ಹೋಗಿ ಸುರಿದು ಬಾ ಅಂತ. ಮುನೀಮರ ಸೂಟ್ ಲೆಕ್ಕ ಓದಿದಾಗ ನನಗೆ ಲಕ್ಕಮ್ಮ ನೆನಪಾದಳು.

ನಿಮ್ಮಲ್ಲೂ ಇಂಥದ್ದು ಇದೆಯಾ?

ಮಂಗಲಪೇಟೆ_ಮೇಷ್ಟ್ರು (ಬೀದರ್)

ಬನ್ನಿ ಸರ್, ಇದು ನಿಮ್ಮ ಮನೆಯೇ. ಲಕ್ಕಮ್ಮನಂಥದ್ದು ನಮ್ಮಲ್ಲಿ ಮನ್ನದ ಕಥೆ. ಅಡವಿಯಲ್ಲಿ ಪ್ರತಿ ಬೆಳಿಗ್ಗೆ ದೇವರು ಕೊಟ್ಟ ಆಹಾರವನ್ನು ಅವರವರಿಗೆ ಬೇಕಾದಷ್ಟೇ ಕೂಡಿಸಬೇಕು. ಮರುದಿನಕ್ಕೆ ಇಟ್ಟವರದ್ದಕ್ಕೆ ಹುಳ ಬಿತ್ತು. ವಿಮೋಚನಕಾಂಡ 16.

ಆದರೆ ಎರಡೂ ಒಂದೇ ಅಂದುಬಿಟ್ಟರೆ ಇಬ್ಬರಿಗೂ ಮೋಸ ಮಾಡಿದಂತೆ. ಕೆಲಸದಿಂದ ದೇವರ ಮೆಚ್ಚುಗೆ ಗಳಿಸುತ್ತೇವೆ ಅಂತ ನಾವು ಹೇಳಲ್ಲ. ಮೊದಲು ಕೃಪೆ, ಅದು ಪುಕ್ಕಟೆ. ಕೆಲಸ ಅದಕ್ಕೆ ಕೊಡುವ ಥ್ಯಾಂಕ್ಸ್. ದುಡಿಯಲಾರದೆ ಹಾಸಿಗೆ ಹಿಡಿದವನ ಲೆಕ್ಕ ದೇವರ ಹತ್ತಿರ ಕಡಿಮೆ ಆಗಲ್ಲ. ನರ್ಸ್ ತಂಗಿಯ ವಾರ್ಡ್‌ನ ಆ ಅಜ್ಜನನ್ನು ನೆನೆದು ಹೇಳುತ್ತಿದ್ದೇನೆ.

ನೆರೆಮನೆಯವ (ಬಸವಕಲ್ಯಾಣ)

ಕೈಲಾಸ ಸತ್ತ ಮೇಲೆ ಸಿಗುವ ಸಂಬಳ ಅಂತ ನಾವೂ ತಿಳಿಯಲ್ಲ ಸರ್. ಕಾಯಕದಲ್ಲೇ ಇದೆ ಅಂತ. ಬಂದದ್ದನ್ನು ದಾಸೋಹಕ್ಕೆ ಹಾಕದಿದ್ದರೆ ಅದು ಕಾಯಕವೂ ಅಲ್ಲ. ಬೇರೆ ಬೇರೆ ಇದೆ, ಒಪ್ಪಿದೆ. ಕಾಟಾದ ಹತ್ತಿರ ಬಂದಾಗ ಮಾತ್ರ ಇಬ್ಬರೂ ಒಂದೇ ಕಡೆ ನಿಲ್ಲುತ್ತೇವೆ.

ಕಡಕ್_ರೊಟ್ಟಿ (ಕಲಬುರಗಿ)

ಎಲ್ಲ ಗಂಡಸರೇ ಮಾತಾಡುತ್ತಿದ್ದೀರಿ, ನರ್ಸ್ ಅಕ್ಕನನ್ನು ಬಿಟ್ಟು. ನಾನು ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತೇನೆ. ಬೆಳಗಿನ ಜಾವ ಎದ್ದು ಒಲೆ ಹಚ್ಚಿದರೆ ಬೈಬಲ್ ಓದೋಕೆ ಟೈಮ್ ಇಲ್ಲ. ಬಡಿಯುತ್ತಾ ಕೀರ್ತನೆ ಹಾಡುತ್ತೇನೆ, ತಾಳ ಅದಾಗೇ ಬೀಳುತ್ತೆ. ನನಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಹಿಟ್ಟಿಗೆ ಹಳೇ ಜೋಳ ಬೆರೆಸಬೇಡ, ಸಣ್ಣ ರೊಟ್ಟಿ ಮಾಡಿ ಡಜನ್ ಲೆಕ್ಕ ಹೇಳಬೇಡ. ಮುಗೀತು.

ಸ್ಟೇರಿಂಗ್ (ಹುಮನಾಬಾದ್)

ನಾನು ಬಸ್ ಡ್ರೈವರ್. ನನ್ನ ಪ್ರಶ್ನೆ ಬೇರೆ. ಆಯುಧ ಪೂಜೆ ದಿನ ಡಿಪೊದಲ್ಲಿ ಬಸ್ ತೊಳೆದು, ಹೂವು ಕಟ್ಟಿ, ಕುಂಬಳಕಾಯಿ ಒಡೆಯುತ್ತಾರೆ. ನಾನು ಬಸ್ ತೊಳೆಯುತ್ತೇನೆ, ಹೂವೂ ಕಟ್ಟುತ್ತೇನೆ, ಮಂಗಳಾರತಿ ಹೊತ್ತಿಗೆ ಸ್ವಲ್ಪ ಹಿಂದೆ ನಿಲ್ಲುತ್ತೇನೆ. ನಮ್ಮ ಸಭೆಯವರು "ಅಲ್ಲಿ ಯಾಕೆ ಇದ್ದೆ" ಅನ್ನುತ್ತಾರೆ. ಡಿಪೊದವರು "ಯಾಕೆ ಹಿಂದೆ ನಿಂತೆ" ಅನ್ನುತ್ತಾರೆ. ಎರಡೂ ಕಡೆ ಬೈಗುಳ.

ಸುವಾರ್ತೆ_ಸೈಕಲ್ (ಚಿತ್ತಾಪುರ)

ಅಣ್ಣಾ, ಆ ದಿನ ರಜೆ ಹಾಕಿ. ಸಾಕ್ಷಿ ಕೆಡಬಾರದು.

ಮಂಗಲಪೇಟೆ_ಮೇಷ್ಟ್ರು (ಬೀದರ್)

2 ಅರಸುಗಳು 5ರಲ್ಲಿ ನಾಮಾನ ಇದ್ದಾನೆ. ಕುಷ್ಠ ವಾಸಿಯಾಗಿ ಇಸ್ರಾಯೇಲಿನ ದೇವರನ್ನು ನಂಬಿದ. ಆಮೇಲೆ ಎಲೀಷನಿಗೆ ಹೇಳುತ್ತಾನೆ: ನನ್ನ ಅರಸ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದುಕೊಳ್ಳುತ್ತಾನೆ, ನಾನೂ ಬಗ್ಗಬೇಕಾಗುತ್ತದೆ, ಇದನ್ನು ಕ್ಷಮಿಸಲಿ ಅಂತ. ಅದು ಅವನ ನೌಕರಿ. ಎಲೀಷ ಬೈಯಲಿಲ್ಲ. "ಸಮಾಧಾನದಿಂದ ಹೋಗು" ಅಂದ. ಒಂದು ಡ್ರೈವರ್ ಸೀಟಿಗೆ ಆ ಮಾತಿನಲ್ಲಿ ಸಾಕಷ್ಟು ಜಾಗ ಇದೆ ಅಂತ ನನ್ನ ಅನಿಸಿಕೆ.

ವಾಡಿ_ಜಂಕ್ಷನ್ (ವಾಡಿ)

ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ ಮಠದವರಿಗೆ ಬರೆದ ನಿಯಮದಲ್ಲಿ, ಉಗ್ರಾಣದವನು ಮಠದ ಪಾತ್ರೆ ಸಾಮಾನುಗಳನ್ನೆಲ್ಲ ಬಲಿಪೀಠದ ಪಾತ್ರೆಗಳಂತೆ ನೋಡಿಕೊಳ್ಳಬೇಕು ಅಂತಿದೆ. ಬಸ್ ತೊಳೆಯುವುದು, ಬ್ರೇಕ್ ನೋಡುವುದು ಆ ಲೆಕ್ಕಕ್ಕೆ ಬರುತ್ತದೆ ಅಣ್ಣಾ. ಆದರೆ ಅದು ವರ್ಷಕ್ಕೊಂದು ದಿನ ಆದರೆ ಸಾಲದು.

ಪರ್ಸಿ_ಕಲ್ಲು (ಶಹಾಬಾದ್)

ಬ್ರೇಕ್ ಅಂದ ಕೂಡಲೇ ನೆನಪಾಯಿತು. ಬ್ರೇಕ್ ಸರಿ ಇಲ್ಲ ಅಂತ ಲಾಗ್‌ಶೀಟ್‌ನಲ್ಲಿ ಬರೆದರೂ "ಇವತ್ತೊಂದು ಟ್ರಿಪ್ ಹೊಡಿ" ಅಂದರೆ ಏನು ಮಾಡುತ್ತೀರಿ ಡ್ರೈವರ್ ಸಾಹೇಬರೇ?

ಸ್ಟೇರಿಂಗ್ (ಹುಮನಾಬಾದ್)

ಹೊಡೆಯಲ್ಲ. ಅಲ್ಲಿ ಹಿಂದೆ ನಿಲ್ಲಲ್ಲ, ಮುಂದೆ ನಿಂತು ಜಗಳ ಆಡುತ್ತೇನೆ. ಮೆಮೊ ಕೊಡಲಿ ಬೇಕಾದರೆ. ಹಿಂದೆ ಐವತ್ತು ಜನ ಕೂತಿರುತ್ತಾರೆ.

ರಾತ್ರಿಪಾಳಿ (ಯಾದಗಿರಿ)

ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಇದೇ ಒಳ್ಳೆ ಪ್ರಸಂಗ.

ಗಂಜ್_ಮುನೀಮ (ಕಲಬುರಗಿ)

ಎಲ್ಲ ಓದಿದೆ. ಉತ್ತರ ಬರೆಯೋಕೆ ತಡವಾಯಿತು, ಮಾರ್ಕೆಟ್ ಜೋರಾಗಿತ್ತು.

ಪರ್ಸಿ ಅಣ್ಣ ಕೇಳಿದ ಮೇಲೆ ಸುಮ್ಮನೆ ಕೂರೋಕೆ ಆಗಲಿಲ್ಲ. ಮಾಲೀಕರ ಹತ್ತಿರ ಮಾತಾಡಿದೆ. ಒಳ್ಳೆಯವರೇ, ನನ್ನ ಮಗಳ ಆಸ್ಪತ್ರೆ ಖರ್ಚಿಗೆ ಹಣ ಕೊಟ್ಟವರು. ಅದಕ್ಕೇ ಬಾಯಿ ಬರುತ್ತಿರಲಿಲ್ಲ. ಸೂಟ್ ಬೇಡ ಅಂದೆ. ನಕ್ಕರು. "ಪಕ್ಕದ ಅಂಗಡಿಯವರು ತೆಗೆಯುತ್ತಾರೆ, ನಾನು ಬಿಟ್ಟರೆ ಆ ಲಾಸ್ ಯಾರು ತುಂಬುತ್ತಾರೆ, ಮಿಲ್ಲಿನವರು ನನ್ನ ಹತ್ತಿರ ಮುರಿಯುತ್ತಾರೆ" ಅಂದರು. ಅದೂ ಸುಳ್ಳಲ್ಲ. ಮಿಲ್ಲಿನವರು ಮುರಿಯುತ್ತಾರೆ.

ಆಮೇಲೆ ಇನ್ನೊಂದು ಕೇಳಿದೆ. ಸೂಟ್ ತೆಗೆದರೂ ತಕ್‌ಪಟ್ಟಿಯಲ್ಲಿ ಕಾಟಾ ತೂಕ ಎಷ್ಟು ಬಂತೋ ಅಷ್ಟೇ ಬರೆಯುತ್ತೇನೆ, ಮುರಿದದ್ದನ್ನು ಬೇರೆ ಸಾಲಲ್ಲಿ ಬರೆಯುತ್ತೇನೆ ಅಂದೆ. ಇಷ್ಟು ದಿನ ಕಳೆದು ಬಂದ ತೂಕವನ್ನೇ ಬರೆಯುತ್ತಿದ್ದೆವು, ರೈತನಿಗೆ ಏನು ಹೋಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ. ಮಾಲೀಕರು ಭಾಳ ಹೊತ್ತು ಸುಮ್ಮನಿದ್ದು "ಬರಿ, ನೋಡೋಣ" ಅಂದರು. ಈಗ ಹಾಗೇ ಬರೆಯುತ್ತಿದ್ದೇನೆ. ಇಬ್ಬರು ರೈತರು ಆ ಸಾಲು ನೋಡಿ ಜಗಳ ತೆಗೆದರು. ಒಬ್ಬರಿಗೆ ಮಾಲೀಕರು ಅರ್ಧ ಬಿಟ್ಟರು. ಇನ್ನೊಬ್ಬರು ಚೀಲ ಎತ್ತಿಕೊಂಡು ಬೇರೆ ಅಂಗಡಿಗೆ ಹೋದರು. ಮಾಲೀಕರ ಮುಖ ಅವತ್ತು ನೋಡಬೇಕಿತ್ತು.

ಮುಂದೇನಾಗುತ್ತೋ ಗೊತ್ತಿಲ್ಲ. ನೌಕರಿ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗುವ ವಿಚಾರ ಸದ್ಯಕ್ಕೆ ಬಿಟ್ಟಿದ್ದೇನೆ.

ಸುವಾರ್ತೆ_ಸೈಕಲ್ (ಚಿತ್ತಾಪುರ)

ಅಣ್ಣಾ, ಇದನ್ನು ಸಭೆಯಲ್ಲಿ ಸಾಕ್ಷಿ ಹೇಳಿ. ನಮ್ಮ ಕಡೆ ಸಾಕ್ಷಿ ಅಂದರೆ ಜ್ವರ ಬಿಟ್ಟಿದ್ದು, ನೌಕರಿ ಸಿಕ್ಕಿದ್ದು ಅಷ್ಟೇ. ತೂಕದ ಸಾಕ್ಷಿ ನಾನು ಕೇಳೇ ಇಲ್ಲ.

ಗಂಜ್_ಮುನೀಮ (ಕಲಬುರಗಿ)

ಹೇಳಲ್ಲ ತಮ್ಮಾ. ನಮ್ಮ ಸಭೆಯಲ್ಲಿ ಇನ್ನಿಬ್ಬರು ಗಂಜ್‌ನವರೇ ಇದ್ದಾರೆ. ಅವರಿಗೆ ಚುಚ್ಚಿದಂತೆ ಆಗುತ್ತೆ. ಮೊದಲು ಅವರ ಹತ್ತಿರ ಚಹಾ ಕುಡಿಯುತ್ತಾ ಮಾತಾಡುತ್ತೇನೆ.

ಪರ್ಸಿ_ಕಲ್ಲು (ಶಹಾಬಾದ್)

ಅದೇ ಸರಿ. ಹಮಾಲರ ಕೂಲಿ ಬಗ್ಗೆಯೂ ಮಾತಾಡಿ. ಚೀಲಕ್ಕೆ ಎಷ್ಟು ಕೊಡುತ್ತಾರೆ ಅನ್ನುವುದು ಬೇರೆ ಜಗಳ. ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.

ಸ್ಟೇರಿಂಗ್ (ಹುಮನಾಬಾದ್)

ಹೋಗುವ ಮೊದಲು ಯಾರಾದರೂ ಹೇಳಿ. ನನಗೆ ವಾರದ ರಜೆ ಬುಧವಾರ. ಭಾನುವಾರ ಡ್ಯೂಟಿ ಮೇಲೆ ಇರುತ್ತೇನೆ. ತಿಂಗಳುಗಟ್ಟಲೆ ಆರಾಧನೆಗೆ ಹೋಗೋಕೆ ಆಗಲ್ಲ. ಮೊಬೈಲ್‌ನಲ್ಲಿ ನೋಡಿದರೆ ನಿದ್ದೆ ಬರುತ್ತೆ. ಕೆಲಸವೇ ಆರಾಧನೆ ಅಂತ ಬಿಟ್ಟುಬಿಡಬಹುದಾ?

ರಾತ್ರಿಪಾಳಿ (ಯಾದಗಿರಿ)

ಬೇಡ ಅಣ್ಣಾ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡು ನೋಡಿದೆ. ಸ್ವಲ್ಪ ದಿನಕ್ಕೆ ಕೆಲಸ ಬರೀ ಕೆಲಸ ಆಗುತ್ತೆ, ರೋಗಿಗಳ ಮೇಲೆ ಸಿಡುಕೋಕೆ ಶುರು ಮಾಡುತ್ತೇವೆ. ನಮ್ಮಲ್ಲಿ ಪಾಳಿ ಇರುವವರು ನಾಲ್ಕೈದು ಜನ ವಾರದ ನಡುವೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಒಂದು ಹಾಡು, ಒಂದು ಅಧ್ಯಾಯ, ಉಪ್ಪಿಟ್ಟು. ಪಾಸ್ಟರ್‌ನ ಕೇಳಿದೆವು, ತಿಂಗಳಿಗೊಮ್ಮೆ ಅಲ್ಲಿಗೇ ಬಂದು ಪ್ರಭು ಭೋಜನ ಕೊಡುತ್ತಾರೆ.

ಮಂಗಲಪೇಟೆ_ಮೇಷ್ಟ್ರು (ಬೀದರ್)

ಹುಮನಾಬಾದ್‌ನಲ್ಲಿ ಬುಧವಾರ ಸಂಜೆ ಉಪವಾಸ ಪ್ರಾರ್ಥನೆ ನಡೆಯುವ ಸಭೆಗಳು ಇರುತ್ತವೆ, ವಿಚಾರಿಸಿ. ಸಿಗದಿದ್ದರೆ ನನಗೆ ಮೆಸೇಜ್ ಹಾಕಿ, ಗೊತ್ತಿರುವವರನ್ನು ಕೇಳಿ ಹೇಳುತ್ತೇನೆ.

ಸ್ಟೇರಿಂಗ್ (ಹುಮನಾಬಾದ್)

ಹಾಕಿದ್ದೇನೆ ಮೇಷ್ಟ್ರೆ. ಈ ಬುಧವಾರ ಮಾತ್ರ ಆಗಲ್ಲ, ಜಾತ್ರೆ ಸ್ಪೆಷಲ್ ಅಂತ ರಜೆ ಕ್ಯಾನ್ಸಲ್ ಮಾಡಿದ್ದಾರೆ. ಮುಂದಿನ ವಾರಕ್ಕೆ ನೋಡಿ.